ಒಂದು ಚೀಲ ಮಣ್ಣು, ಮೂರು ರೀಡಿಂಗ್

ಪ್ರಶ್ನೆ

ನಾನು ಆಲೂರು ತಾಲ್ಲೂಕಿನವಳು, ವಯಸ್ಸು 24. ಪಾಳ್ಯದ ಕಡೆ ಅಪ್ಪನಿಗೆ ಮೂರು ಎಕರೆ ಕಾಫಿ ತೋಟ ಇದೆ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿ ಗಣಿತದಲ್ಲಿ 38 ಅಂಕ ಬಂತು. ಇನ್ನು ಅದರ ಸಹವಾಸವೇ ಬೇಡ ಅಂತ ಡಿಗ್ರಿಗೆ ಸಿಬಿಝಡ್ ತಗೊಂಡೆ, ಆಮೇಲೆ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದೆ. ಈಗ ಒಂದು ವರ್ಷದಿಂದ ಸಕಲೇಶಪುರದಲ್ಲಿ ಒಂದು ಖಾಸಗಿ ಮಣ್ಣು ಮತ್ತು ಎಲೆ ಪರೀಕ್ಷಾ ಲ್ಯಾಬ್‌ನಲ್ಲಿ ಇದ್ದೇನೆ. ಪಿಎಚ್ ಮೀಟರ್, ಫ್ಲೇಮ್ ಫೋಟೋಮೀಟರ್ ಎಲ್ಲ ಚೆನ್ನಾಗಿ ಗೊತ್ತು. ನನ್ನ ಕೈಯ ಟೈಟ್ರೇಶನ್ ಬಗ್ಗೆ ಯಾರೂ ಇದುವರೆಗೆ ತಕರಾರು ಮಾಡಿಲ್ಲ.

ಕಷ್ಟ ಶುರುವಾಗಿದ್ದು ಕಳೆದ ತಿಂಗಳು. ನಮ್ಮ ಮುಖ್ಯಸ್ಥರು ಎರಡು ವರ್ಷದ ರಿಸಲ್ಟ್ ಫೈಲ್ ಕೊಟ್ಟು, "ಸುಣ್ಣ ಹಾಕಿದ ತೋಟಕ್ಕೂ ಹಾಕದ ತೋಟಕ್ಕೂ ವ್ಯತ್ಯಾಸ ಸಿಗ್ನಿಫಿಕೆಂಟ್ ಅಂತ ತೋರಿಸು, ಬೆಳೆಗಾರರ ಸಭೆಯಲ್ಲಿ ಹೇಳಬೇಕು" ಅಂದರು. ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯುವುದು ಬಿಟ್ಟರೆ ನನಗೆ ಏನೂ ಬರುವುದಿಲ್ಲ. ಯೂಟ್ಯೂಬ್ ನೋಡಿದೆ. ಟಿ-ಟೆಸ್ಟ್, ಅನೋವಾ, ಇನ್ನೂ ಏನೇನೋ ಹೆಸರುಗಳು. ಒಂದು ಪುಸ್ತಕ ತರಿಸಿದೆ, ಮೊದಲ ಅಧ್ಯಾಯದಲ್ಲೇ ಸಿಗ್ಮಾ ನೋಡಿ ಮುಚ್ಚಿಟ್ಟೆ. ಜೊತೆಯಲ್ಲಿರುವ ಒಬ್ಬರು "ತಲೆ ಕೆಡಿಸ್ಕೋಬೇಡ, ಎಲ್ಲ ಟೆಸ್ಟೂ ಓಡಿಸು, ಯಾವುದರಲ್ಲಿ 0.05ಕ್ಕಿಂತ ಕಮ್ಮಿ ಬರುತ್ತೋ ಅದನ್ನ ಹಾಕು" ಅನ್ನುತ್ತಾರೆ. ಒಂದು ತೋಟದ ಪಿಎಚ್ 7.6 ಅಂತ ಬಂದಿದೆ, ಬೇರೆಲ್ಲ 5ರ ಆಸುಪಾಸು. "ಅದನ್ನ ತೆಗೆದುಹಾಕು, ಲೆಕ್ಕ ಕೆಡಿಸುತ್ತೆ" ಅಂತಲೂ ಅವರೇ ಹೇಳಿದರು. ಹಾಗೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ತಪ್ಪು ಅಂತ ವಾದ ಮಾಡುವಷ್ಟು ವಿದ್ಯೆಯೂ ನನ್ನಲ್ಲಿಲ್ಲ. ಗಣಿತದಲ್ಲಿ ಹಿಂದಿರುವವಳು ಇದನ್ನು ಕಲಿಯಬಹುದಾ? ಅಥವಾ ಮನೆಯವರು ಹೇಳುವ ಹಾಗೆ ಕೆಲಸ ಬಿಟ್ಟು ಬಿ.ಇಡ್.ಗೆ ಸೇರಲಾ?

ಹೆಸರು ಬೇಡ, ಆಲೂರು ತಾಲ್ಲೂಕು

ಉತ್ತರ

ತಂಗೀ, ಗಣಿತದ ಹೆದರಿಕೆಯನ್ನು ಮೊದಲು ಮುಗಿಸಿಬಿಡೋಣ, ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ನಿಮ್ಮ ಕೆಲಸಕ್ಕೆ ಬೇಕಿರುವ ಲೆಕ್ಕವೆಂದರೆ ಕೂಡುವುದು, ಕಳೆಯುವುದು, ಭಾಗಿಸುವುದು, ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು, ವರ್ಗಮೂಲ ತೆಗೆಯುವುದು. ವರ್ಗಮೂಲವನ್ನು ಮೊಬೈಲು ತೆಗೆದುಕೊಡುತ್ತದೆ. ಸಿಗ್ಮಾ ಅಂದರೆ "ಮುಂದಿರುವುದನ್ನೆಲ್ಲ ಕೂಡಿಸು" ಎಂಬ ಅಪ್ಪಣೆ, ಅಷ್ಟೇ. ಕಳೆದ ಒಂದು ವರ್ಷದಲ್ಲಿ ನಾರ್ಮಾಲಿಟಿ, ಡೈಲ್ಯೂಶನ್ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡಿದವರಿಗೆ ಇದು ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಈ ಶಾಸ್ತ್ರದ ಬಹುಪಾಲು ಹುಟ್ಟಿದ್ದೇ ನಿಮ್ಮಂಥವರ ಮೇಜಿನ ಮೇಲೆ. ನಿಮ್ಮನ್ನು ಹೆದರಿಸಿದ ಆ ಟಿ-ಟೆಸ್ಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಎಂಬವರದು. ಬಾರ್ಲಿಯ ಮೇಲೆ, ಬಿಯರಿನ ಮೇಲೆ ಪರೀಕ್ಷೆ ಮಾಡಬೇಕು, ಆದರೆ ಕೈಗೆ ಸಿಗುವುದು ಬೆರಳೆಣಿಕೆಯ ಮಾದರಿಗಳು. ನಾಲ್ಕೈದು ಅಂಕಿಗಳನ್ನು ಹಿಡಿದು ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬುದೇ ಅವರ ಪ್ರಶ್ನೆ. 1908ರಲ್ಲಿ ಉತ್ತರ ಬರೆದರು. ನೌಕರರು ತಮ್ಮ ಹೆಸರಿನಲ್ಲಿ ಪ್ರಬಂಧ ಪ್ರಕಟಿಸುವುದಕ್ಕೆ ಕಂಪನಿಯ ಒಪ್ಪಿಗೆ ಇಲ್ಲದ್ದರಿಂದ 'ಸ್ಟೂಡೆಂಟ್' ಎಂಬ ಗುಪ್ತನಾಮ ಇಟ್ಟುಕೊಂಡರು. ಅನೋವಾ ಬಂದಿದ್ದು ರೊನಾಲ್ಡ್ ಫಿಶರ್ ಅವರಿಂದ. ಅವರು 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಎದುರಿಗಿದ್ದದ್ದು ಗೊಬ್ಬರ, ಮಳೆ, ಇಳುವರಿಯ ಹಳೆಯ ದಾಖಲೆಗಳ ರಾಶಿ. ಸಂಶೋಧನೆ ಮಾಡುವವರಿಗೆಂದು ಅವರು ಬರೆದ ಸಂಖ್ಯಾಶಾಸ್ತ್ರದ ಪುಸ್ತಕ ಹೊರಬಂದದ್ದು 1925ರಲ್ಲಿ. ನಮ್ಮ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ, ಅಂದರೆ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಶುರುವಾದದ್ದೂ ಅದೇ ವರ್ಷ.

ಇನ್ನು ನಿಮ್ಮ ಫೈಲಿಗೆ ಬರೋಣ. ಯಾವ ಟೆಸ್ಟ್ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ 'ಒಂದು' ಎಂದರೆ ಏನು?

ಯಾರೋ ಬೆಳೆಗಾರರು ಒಂದು ಚೀಲ ಮಣ್ಣು ತಂದುಕೊಟ್ಟರು ಅನ್ನಿ. ನೀವು ಅದರಿಂದ ಮೂರು ಬೀಕರಿಗೆ ಹತ್ತತ್ತು ಗ್ರಾಂ ಹಾಕಿ, ನೀರು ಬೆರೆಸಿ, ಮೂರು ಸಲ ಪಿಎಚ್ ನೋಡಿದಿರಿ. 5.2, 5.3, 5.2 ಬಂತು. ಎಕ್ಸೆಲ್ ಹಾಳೆಯಲ್ಲಿ ಮೂರು ಸಾಲಾಯಿತು. ಆದರೆ ಈ ಮೂರು ಸಾಲುಗಳು ತೋಟದ ವಿಷಯ ಹೇಳುತ್ತಿಲ್ಲ, ನಿಮ್ಮ ಕೈ ಮತ್ತು ಮೀಟರು ಎಷ್ಟು ಸ್ಥಿರವಾಗಿವೆ ಎಂಬುದನ್ನು ಹೇಳುತ್ತಿವೆ. ತೋಟದ ಲೆಕ್ಕಕ್ಕೆ ಅವು ಒಂದೇ. ಸುಣ್ಣ ಹಾಕಿದ ಎರಡು ತೋಟ, ಹಾಕದ ಎರಡು ತೋಟ, ಒಂದೊಂದರಿಂದ ಹತ್ತು ಹತ್ತು ರೀಡಿಂಗ್ ತೆಗೆದು "ನಲವತ್ತು ಮಾದರಿ" ಎಂದು ಕಂಪ್ಯೂಟರಿಗೆ ಕೊಟ್ಟರೆ ಅದು ಮರುಮಾತಿಲ್ಲದೆ ಭರ್ಜರಿ ಸಿಗ್ನಿಫಿಕೆಂಟ್ ಎಂದು ಬರೆದುಕೊಡುತ್ತದೆ. ಅದಕ್ಕೇನು ಗೊತ್ತು, ಪಾಪ. ಇರುವುದು ನಾಲ್ಕೇ ತೋಟ ಎಂದು ಗೊತ್ತಿರುವವರು ನೀವು. ಪ್ರಯೋಗಾಲಯದ ಅಂಕಿಗಳಲ್ಲಿ ಅತಿ ಹೆಚ್ಚು ನಡೆಯುವ ಎಡವಟ್ಟು ಇದೇ. ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಅಚ್ಚಾದ ಪ್ರಬಂಧಗಳೂ ಇದಕ್ಕೆ ಬಲಿಯಾಗಿವೆ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ ಇಂಥವನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿದ ಮೇಲೆ ಈ ತಪ್ಪಿಗೆ ಹೆಸರೇ ಬಂತು.

ಆದ್ದರಿಂದ ಫೈಲು ತೆರೆದು ಮೊದಲು ಒಂದು ಕಾಲಂ ಸೇರಿಸಿ: ತೋಟ. ಪಕ್ಕದಲ್ಲಿ ಇನ್ನೊಂದು: ಹೋಬಳಿ. ಮತ್ತೊಂದು: ಮಾದರಿ ತಂದ ತಿಂಗಳು. ಇನ್ನೂ ಒಂದು: ಪರೀಕ್ಷೆಯ ವಿಧಾನ. ಕೊನೆಯದು ಯಾಕೆಂದರೆ, ರಂಜಕಕ್ಕೆ ನಿಮ್ಮ ಲ್ಯಾಬ್ ಒಂದು ವರ್ಷ ಓಲ್ಸೆನ್ ವಿಧಾನ, ಮರುವರ್ಷ ಬ್ರೇ ವಿಧಾನ ಬಳಸಿದ್ದರೆ ಆ ಎರಡು ವರ್ಷದ ಅಂಕಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವಂತಿಲ್ಲ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಹೊಂದುವುದು ಬ್ರೇ ಎಂದು ನಿಮಗೇ ಗೊತ್ತು.

ಹೋಬಳಿ ಕಾಲಂ ತುಂಬಿಸುವಾಗ ನಿಜವಾದ ಸಮಸ್ಯೆ ಹೊರಗೆ ಬರುತ್ತದೆ ಎಂದು ನನ್ನ ಅನುಮಾನ. ಘಟ್ಟದ ಅಂಚಿನ ಹಾನುಬಾಳು, ಹೆತ್ತೂರು ಕಡೆ ಸುರಿಯುವ ಮಳೆಗೂ ನಿಮ್ಮ ಪಾಳ್ಯ, ಕುಂದೂರು ಕಡೆಯ ಮಳೆಗೂ ಎಷ್ಟು ಅಂತರ ಎಂದು ನಿಮಗೆ ನಾನು ಹೇಳಬೇಕೆ? ಮಳೆ ಹೆಚ್ಚಾದಷ್ಟೂ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಹುಳಿ ಹೆಚ್ಚುತ್ತದೆ. ಸುಣ್ಣ ಹಾಕುವವರು ಯಾರು? ಮಣ್ಣು ಹುಳಿ ಎಂದು ಗೊತ್ತಾದವರು. ಅಂದರೆ ನಿಮ್ಮ ಫೈಲಿನಲ್ಲಿ ಸುಣ್ಣ ಹಾಕಿದ ತೋಟಗಳೆಲ್ಲ ಘಟ್ಟದ ಕಡೆಯವು, ಹಾಕದವೆಲ್ಲ ಆಲೂರಿನ ಕಡೆಯವು ಆಗಿದ್ದರೆ, ಸುಣ್ಣ ಹಾಕಿಯೂ ಪಿಎಚ್ ಕಡಿಮೆಯೇ ಇರಬಹುದು. ಆಗ ಟೆಸ್ಟ್ ಓಡಿಸಿದರೆ ಸುಣ್ಣ ಹಾಕಿದ್ದರಿಂದಲೇ ಮಣ್ಣು ಹುಳಿಯಾಯಿತು ಎಂಬ ಸಿಗ್ನಿಫಿಕೆಂಟ್ ಉತ್ತರವೂ ಬರಬಹುದು! ನಿಮ್ಮ ಮುಖ್ಯಸ್ಥರು ಸಭೆಯಲ್ಲಿ ಅದನ್ನು ಹೇಳಿದರೆ ಹಿಂದಿನ ಸಾಲಿನಲ್ಲಿ ಕೂತ ಯಾವುದಾದರೂ ಎಸ್ಟೇಟಿನ ರೈಟರು ಎದ್ದು ನಿಂತು ಸರಿಪಡಿಸಬೇಕಾಗುತ್ತದೆ. ಎರಡು ಕಾರಣಗಳು ಹೀಗೆ ಹೆಣೆದುಕೊಂಡಿರುವಾಗ ಅವುಗಳನ್ನು ಬಿಡಿಸುವ ಟೆಸ್ಟ್ ಯಾವ ಪುಸ್ತಕದಲ್ಲೂ ಇಲ್ಲ. ಮಾದರಿ ತರುವ ಮೊದಲೇ ಬಿಡಿಸಿಟ್ಟುಕೊಳ್ಳಬೇಕು.

ಹೇಗೆ ಎಂದು ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಪೆನ್ನು ಹಿಡಿದು ಕೂತುಕೊಳ್ಳಿ. ಅಂಕಿಗಳು ಕಲಿಕೆಗೆಂದು ನಾನು ಕಟ್ಟಿದವು, ಯಾವ ತೋಟದವೂ ಅಲ್ಲ.

ಐದು ತೋಟಗಳು. ಪ್ರತಿ ತೋಟದಲ್ಲೂ ಒಂದೇ ಇಳಿಜಾರಿನ, ಒಂದೇ ನೆರಳಿನ ಜಾಗ ಆರಿಸಿ ಎರಡು ಭಾಗ ಮಾಡಿದೆವು. ನಾಣ್ಯ ಚಿಮ್ಮಿ ಒಂದು ಭಾಗಕ್ಕೆ ಸುಣ್ಣ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟೆವು. ವರ್ಷದ ನಂತರ ಸುಣ್ಣ ಹಾಕದ ಭಾಗಗಳ ಪಿಎಚ್ ಕ್ರಮವಾಗಿ 4.8, 5.4, 5.0, 5.6, 5.2. ಸುಣ್ಣ ಹಾಕಿದವು ಅದೇ ಕ್ರಮದಲ್ಲಿ 5.1, 5.6, 5.5, 5.9, 5.4. ಮೊದಲ ಗುಂಪಿನ ಸರಾಸರಿ 5.2, ಎರಡನೆಯದರದು 5.5. ವ್ಯತ್ಯಾಸ 0.3.

ಇವನ್ನು ಸಂಬಂಧವಿಲ್ಲದ ಎರಡು ಗುಂಪುಗಳೆಂದು ಹಿಡಿದು ಸಾಮಾನ್ಯ ಟಿ-ಟೆಸ್ಟ್ ಮಾಡಿದರೆ ಟಿ ಬೆಲೆ ಸುಮಾರು 1.56 ಬರುತ್ತದೆ. ಕೋಷ್ಟಕದ ಪ್ರಕಾರ 2.31 ದಾಟಬೇಕಿತ್ತು. ದಾಟಲಿಲ್ಲ. ಸುಣ್ಣದಿಂದ ಏನಾದರೂ ಆಯಿತೆಂದು ಹೇಳಲಾಗದು.

ಈಗ ತೋಟ ತೋಟದ ಒಳಗೇ ಹೋಲಿಸಿ. ವ್ಯತ್ಯಾಸಗಳು 0.3, 0.2, 0.5, 0.3, 0.2. ಸರಾಸರಿ ಮತ್ತೆ 0.3. ಪ್ರತಿಯೊಂದೂ ಈ ಸರಾಸರಿಯಿಂದ ಎಷ್ಟು ದೂರ? 0, ಕೆಳಗೆ 0.1, ಮೇಲೆ 0.2, 0, ಕೆಳಗೆ 0.1. ಇವುಗಳ ವರ್ಗ ಮಾಡಿ ಕೂಡಿಸಿದರೆ 0.06. ಐದರಲ್ಲಿ ಒಂದು ಕಳೆದು ನಾಲ್ಕರಿಂದ ಭಾಗಿಸಿ: 0.015. ವರ್ಗಮೂಲ ತೆಗೆದರೆ 0.12, ಇದೇ ಮಾನಕ ವಿಚಲನೆ, ನಿಮ್ಮ ಯೂಟ್ಯೂಬಿನವರು ಎಸ್‌ಡಿ ಅನ್ನುವುದು. ಅದನ್ನು ಐದರ ವರ್ಗಮೂಲದಿಂದ ಭಾಗಿಸಿದರೆ 0.055. ಸರಾಸರಿ 0.3 ಇದರ ಎಷ್ಟು ಪಟ್ಟು? ಸುಮಾರು ಐದೂವರೆ ಪಟ್ಟು. ಇದು ಟಿ. ಇಲ್ಲಿ ದಾಟಬೇಕಾದ ಗೆರೆ 2.78, ಸಲೀಸಾಗಿ ದಾಟಿತು. ಇನ್ನೂ ಉಪಯೋಗದ ಮಾತು: 0.055ನ್ನು 2.78ರಿಂದ ಗುಣಿಸಿ 0.3ಕ್ಕೆ ಕೂಡಿಸಿ, ಕಳೆದು ನೋಡಿದರೆ, ಸುಣ್ಣದಿಂದ ಪಿಎಚ್ ಏರುವುದು 0.15ರಿಂದ 0.45ರ ನಡುವೆ ಎಲ್ಲೋ ಇರಬಹುದು ಎಂದು ಬೆಳೆಗಾರರಿಗೆ ಹೇಳಬಹುದು. ಅವರಿಗೆ ಬೇಕಾದ್ದು ಅದೇ. ಸಿಗ್ನಿಫಿಕೆಂಟ್ ಎಂಬ ಪದ ಕೇಳಿಸಿಕೊಂಡು ಯಾರೂ ಸುಣ್ಣದ ಲೋಡ್ ತರಿಸುವುದಿಲ್ಲ.

ಅಂಕಿಗಳು ಅವೇ ಹತ್ತು, ಉತ್ತರ ಮಾತ್ರ ತಿರುಗಿಬಿತ್ತು. ಮೊದಲ ಲೆಕ್ಕದಲ್ಲಿ ತೋಟ ತೋಟದ ನಡುವಿನ ವ್ಯತ್ಯಾಸ, 4.8 ಎಲ್ಲಿ 5.6 ಎಲ್ಲಿ, ಸುಣ್ಣದ ಪರಿಣಾಮವನ್ನು ಮುಚ್ಚಿಹಾಕಿತ್ತು. ಎರಡನೆಯದರಲ್ಲಿ ಆ ಗದ್ದಲ ಕಳೆದುಹೋಯಿತು. ಚಾರ್ಲ್ಸ್ ಡಾರ್ವಿನ್ ಕೂಡ ಮುಸುಕಿನ ಜೋಳದ ಗಿಡಗಳನ್ನು ಹೀಗೆ ಹದಿನೈದು ಜೋಡಿ ಮಾಡಿ ಬೆಳೆಸಿ ಹೋಲಿಸಿದ್ದರು, ಆ ಅಂಕಿಗಳನ್ನೇ ಮುಂದೆ ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಪಾಠಕ್ಕೆ ಬಳಸಿಕೊಂಡರು.

"ಹಾಗಾದರೆ ನಮ್ಮ ಲ್ಯಾಬಿನವರು ಹೇಳಿದ್ದೂ ಇದೇ ಅಲ್ಲವೇ, ಎರಡು ಟೆಸ್ಟ್ ಮಾಡಿ ಒಳ್ಳೆಯದನ್ನು ಆರಿಸು ಅಂತ?" ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಇಲ್ಲ, ಇದು ಅದಲ್ಲ. ಜೋಡಿಯಾಗಿ ಲೆಕ್ಕ ಮಾಡಬೇಕೆಂದು ತೀರ್ಮಾನವಾದದ್ದು ತೋಟದಲ್ಲಿ, ಜಾಗವನ್ನು ಎರಡು ಭಾಗ ಮಾಡಿದ ದಿನ. ಉತ್ತರ ನೋಡಿದ ಮೇಲಲ್ಲ. ಮಾದರಿ ಹೇಗೆ ತೆಗೆದಿರೋ ಲೆಕ್ಕವೂ ಹಾಗೇ ಆಗಬೇಕು. ಜೋಡಿ ಇಲ್ಲದ ಕಡೆ ಜೋಡಿ ಕಟ್ಟುವಂತಿಲ್ಲ, ಇದ್ದ ಕಡೆ ಮುರಿಯುವಂತಿಲ್ಲ.

ಎಲ್ಲ ಟೆಸ್ಟೂ ಓಡಿಸಿ 0.05ಕ್ಕಿಂತ ಕಡಿಮೆ ಬಂದದ್ದನ್ನು ಹಾಕುವುದರಲ್ಲಿ ಏನು ತಪ್ಪು? ಪಿ ವ್ಯಾಲ್ಯೂ ಎಂದರೆ, ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರೀ ಅದೃಷ್ಟದಿಂದ ಕಾಣಿಸುವ ಸಾಧ್ಯತೆ. 0.05 ಎಂದರೆ ನೂರರಲ್ಲಿ ಐದು. ಸುಣ್ಣ ಕೆಲಸ ಮಾಡುವ ಸಾಧ್ಯತೆ ನೂರಕ್ಕೆ 95 ಎಂದು ಇದರ ಅರ್ಥವಲ್ಲ, ಹಾಗೆಂದು ಹೇಳುವವರು ಬೇಕಾದಷ್ಟಿದ್ದಾರೆ. ಈಗ ನೋಡಿ, 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಒಂದೇ ತೋಟದ ಮಣ್ಣನ್ನು ಮನಸ್ಸಿಗೆ ಬಂದಂತೆ ಎರಡು ಗುಂಪು ಮಾಡಿ ಈ ಹನ್ನೆರಡರಲ್ಲೂ ಟೆಸ್ಟ್ ಓಡಿಸಿದಿರಿ ಅನ್ನಿ. ವ್ಯತ್ಯಾಸ ಇರಲು ಕಾರಣವೇ ಇಲ್ಲ. ಆದರೂ ಒಂದಲ್ಲ ಒಂದು ಅಂಶ ಸಿಗ್ನಿಫಿಕೆಂಟ್ ಎಂದು ಬರುವ ಸಾಧ್ಯತೆ, ಅಂಶಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದರೆ, ನೂರಕ್ಕೆ 46. ಅದರ ಮೇಲೆ ಒಂದೊಂದಕ್ಕೂ ನಾಲ್ಕು ಬಗೆಯ ಟೆಸ್ಟ್ ಓಡಿಸಿದರೆ ಸಾಧ್ಯತೆ ಇನ್ನೂ ಏರುತ್ತದೆ. ಬೇಕಾದ ಉತ್ತರ ಸಿಗುವವರೆಗೆ ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ. ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಲ್ಲ, ಆ ಮನಸ್ಸು ಸರಿಯಾಗಿಯೇ ಇದೆ.

7.6ರ ಕತೆ ಬೇರೆ, ಮತ್ತು ನನಗೆ ಅದು ತುಂಬ ಇಷ್ಟವಾಯಿತು. ಒಂದು ಅಂಕಿ ಉಳಿದವುಗಳ ಹಾಗಿಲ್ಲ ಎಂಬುದು ಅದನ್ನು ಹೊಡೆದುಹಾಕಲು ಕಾರಣವಲ್ಲ, ವಿಚಾರಿಸಲು ಕಾರಣ. ಮೊದಲು ಲ್ಯಾಬಿನ ದಿನಚರಿ ಪುಸ್ತಕ ನೋಡಿ. ಆ ದಿನ ಮೀಟರನ್ನು 4 ಮತ್ತು 7ರ ಬಫರಿನಲ್ಲಿ ಸರಿಹೊಂದಿಸಲಾಗಿತ್ತೇ? ಅದೇ ದಿನದ ಬೇರೆ ಮಾದರಿಗಳು ಹೇಗಿವೆ? ಚೀಟಿ ಅದಲುಬದಲಾಗಿದೆಯೇ? ಚೀಲದಲ್ಲಿ ಮಣ್ಣು ಉಳಿದಿದ್ದರೆ ಮತ್ತೊಮ್ಮೆ ಪರೀಕ್ಷಿಸಿ. ಆಮೇಲೂ 7.6 ಬಂದರೆ ಆ ಬೆಳೆಗಾರರಿಗೆ ಒಂದು ಫೋನ್ ಮಾಡಿ ಮಣ್ಣು ಎಲ್ಲಿ ಅಗೆದರೆಂದು ಕೇಳಿ. ಕಾಫಿ ಮನೆಯ ಮಗಳಾದ ನಿಮಗೆ ಆಗಲೇ ಹೊಳೆದಿರಬೇಕು: ಲೈನ್ ಮನೆಯ ಹಿಂದೆ ವರ್ಷಗಟ್ಟಲೆ ಒಲೆಯ ಬೂದಿ ಸುರಿದ ಜಾಗದ ಮಣ್ಣು ಹೀಗೆ ಕ್ಷಾರ ತೋರಿಸುತ್ತದೆ. ಸುಣ್ಣದ ಮೂಟೆ ಬಿಚ್ಚಿ ರಾಶಿ ಹಾಕಿದ್ದ ಜಾಗವೂ ಹಾಗೆಯೇ. ಮನೆ, ಗೊಬ್ಬರದ ಗುಂಡಿ, ದಾರಿಯ ಅಂಚು ಬಿಟ್ಟು ಮಾದರಿ ತೆಗೆಯಬೇಕೆಂಬುದು ನಿಯಮವೇ ಆದ್ದರಿಂದ ಅದು ಬೂದಿಗುಂಡಿಯ ಮಣ್ಣೆಂದು ಗೊತ್ತಾದರೆ ಧೈರ್ಯವಾಗಿ ತೆಗೆಯಿರಿ, ವರದಿಯಲ್ಲಿ "ಒಂದು ಮಾದರಿಯನ್ನು ಈ ಕಾರಣಕ್ಕೆ ಕೈಬಿಡಲಾಗಿದೆ" ಎಂದು ಬರೆಯಿರಿ. ಕಾರಣವೇ ಸಿಗದಿದ್ದರೆ ಇಟ್ಟುಕೊಂಡು ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ, ಎರಡನ್ನೂ ಕೊಡಿ. ಹೊರಗಿನ ಅಂಕಿಯನ್ನು ಗುರುತಿಸುವ ಗ್ರಬ್ಸ್ ಟೆಸ್ಟ್ ಎಂಬುದೊಂದಿದೆ. ಅದು ಅನುಮಾನವನ್ನು ಅಳೆಯಬಲ್ಲದು, ಬೂದಿಗುಂಡಿಯನ್ನು ಕಾಣಲಾರದು.

ಇಷ್ಟೆಲ್ಲ ಹೇಳಿದೆನಾದರೂ ನೀವು ಕಲಿಕೆ ಶುರುಮಾಡಬೇಕಾದದ್ದು ಸುಣ್ಣದ ಫೈಲಿನಿಂದ ಅಲ್ಲ ಎಂದು ನನ್ನ ಅಭಿಪ್ರಾಯ. ಯಾರ ಅಪ್ಪಣೆಯೂ ಬೇಡದ, ಯಾರನ್ನೂ ಎದುರು ಹಾಕಿಕೊಳ್ಳಬೇಕಾಗಿಲ್ಲದ ಒಂದು ಕೆಲಸವಿದೆ. ಒಂದು ಬಕೆಟ್ ಮಣ್ಣು ತನ್ನಿ, ನಿಮ್ಮ ತೋಟದ್ದೇ ಆಗಲಿ. ನೆರಳಿನಲ್ಲಿ ಒಣಗಿಸಿ, ಎರಡು ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿ, ಚೆನ್ನಾಗಿ ಬೆರೆಸಿ, ಮುಚ್ಚಳದ ಡಬ್ಬದಲ್ಲಿ ಇಡಿ. ಬೆಳೆಗಾರರ ಮಾದರಿಗಳನ್ನು ಪರೀಕ್ಷಿಸುವಾಗಲೆಲ್ಲ ಈ ಮಣ್ಣಿನ ಒಂದು ಬೀಕರನ್ನೂ ಜೊತೆಗೆ ಸೇರಿಸಿ. ಬಂದ ಅಂಕಿಗೆ ಗ್ರಾಫ್ ಹಾಳೆಯಲ್ಲಿ ದಿನಾಂಕದ ಎದುರಿಗೆ ಚುಕ್ಕಿ ಇಡಿ. ಇಪ್ಪತ್ತು ಚುಕ್ಕಿ ಆದ ಮೇಲೆ ಮೇಲಿನ ಕ್ರಮದಲ್ಲೇ ಸರಾಸರಿ, ಮಾನಕ ವಿಚಲನೆ ತೆಗೆಯಿರಿ. ಸರಾಸರಿ 5.30, ವಿಚಲನೆ 0.05 ಬಂತೆಂದು ಇಟ್ಟುಕೊಳ್ಳಿ. 5.20 ಮತ್ತು 5.40ರಲ್ಲಿ ಎಚ್ಚರಿಕೆಯ ಗೆರೆ, 5.15 ಮತ್ತು 5.45ರಲ್ಲಿ ನಿಲ್ಲಿಸುವ ಗೆರೆ ಎಳೆಯಿರಿ. ಚುಕ್ಕಿ ಹೊರಗಿನ ಗೆರೆ ದಾಟಿದರೆ ಅವತ್ತಿನ ರಿಪೋರ್ಟ್ ಹೊರಗೆ ಹೋಗಬಾರದು. ಗೆರೆ ದಾಟದೆಯೂ ಸಾಲಾಗಿ ಎಂಟು ಚುಕ್ಕಿ ಸರಾಸರಿಯ ಒಂದೇ ಪಕ್ಕದಲ್ಲಿ ಬಿದ್ದರೆ ಎಲ್ಲೋ ಏನೋ ಜರುಗಿದೆ: ಎಲೆಕ್ಟ್ರೋಡ್ ಹಳತಾಗಿದೆ, ಬಫರು ಕೆಟ್ಟಿದೆ, ಅಥವಾ ಜುಲೈ ತಿಂಗಳ ತೇವ ಡಬ್ಬದ ಮಣ್ಣಿಗೆ ತಗುಲಿದೆ. ಫ್ಲೇಮ್ ಫೋಟೋಮೀಟರಿಗೂ ಇಂಥದೇ ಒಂದು ಹಾಳೆ ಮಾಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ದಿನಗಳು ಅದರಲ್ಲಿ ತಾವಾಗಿ ಕಾಣಿಸುತ್ತವೆ.

ಈ ಚಾರ್ಟನ್ನು 1924ರಲ್ಲಿ ಕಂಡುಹಿಡಿದವರು ಅಮೆರಿಕದ ವಾಲ್ಟರ್ ಶೂಹಾರ್ಟ್, ಟೆಲಿಫೋನ್ ಉಪಕರಣಗಳ ಕಾರ್ಖಾನೆಗಾಗಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹಾಲನೋಬಿಸ್ ಅವರ ಕರೆಯ ಮೇಲೆ ಅವರು ಇಂಡಿಯಾಕ್ಕೂ ಬಂದು ಇಲ್ಲಿನ ಕಾರ್ಖಾನೆಗಳವರಿಗೆ ಪಾಠ ಹೇಳಿಹೋದರು. ಆಸ್ಪತ್ರೆಗಳ ರಕ್ತಪರೀಕ್ಷೆಯ ಲ್ಯಾಬ್‌ಗಳಲ್ಲಿ ಇಂದಿಗೂ ಸಕ್ಕರೆ, ಕ್ರಿಯಾಟಿನಿನ್ ಎಲ್ಲಕ್ಕೂ ಇದೇ ಬಗೆಯ ಹಾಳೆ ಇಡುತ್ತಾರೆ. ಇದನ್ನು ಇಟ್ಟ ಮೇಲೆ ನಿಮ್ಮ ವಿಚಲನೆ 0.05 ಎಂದು ಗೊತ್ತಿದ್ದರೆ, ಪಿಎಚ್ 0.03 ಏರಿದೆ ಎಂದು ಯಾರಾದರೂ ಸಂಭ್ರಮಿಸಿದಾಗ ನಗು ತಡೆದುಕೊಳ್ಳುವುದಷ್ಟೇ ನಿಮ್ಮ ಕೆಲಸ.

ಪುಸ್ತಕ ಕೇಳಿದ್ದೀರಿ ಎಂದೇ ತಿಳಿದುಕೊಳ್ಳುತ್ತೇನೆ. ಕೃಷಿ ಸಂಶೋಧಕರಿಗೆಂದು ಪಾನ್ಸೆ ಮತ್ತು ಸುಖಾತ್ಮೆ ಬರೆದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1954ರಲ್ಲಿ ಪ್ರಕಟಿಸಿದ ಪುಸ್ತಕವೊಂದಿದೆ. ಇಂಗ್ಲಿಷಿನಲ್ಲಿದೆ, ಮುದ್ರಣ ಕಣ್ಣಿಗೆ ಹಿತವಲ್ಲ, ಆದರೆ ಉದಾಹರಣೆಗಳೆಲ್ಲ ನಮ್ಮ ನೆಲದ ಬೆಳೆಗಳವು. ಹಾಸನದ ಕಾರೇಕೆರೆ ಕೃಷಿ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಿ, ಹಾಗೆಯೇ ಅಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು ಯಾರೆಂದು ಕೇಳಿಕೊಂಡು ಪರಿಚಯ ಮಾಡಿಕೊಳ್ಳಿ. ನಿಮಗೆ ಇನ್ನೂ ಹತ್ತಿರ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ತಾಕುಗಳನ್ನು ಬ್ಲಾಕ್ ಬ್ಲಾಕ್ ಮಾಡಿ ಪ್ರಯೋಗ ಇಡುವುದು ಅಂಥ ಕಡೆ ದಿನನಿತ್ಯದ ಕೆಲಸ. ಗುಡ್ಡದ ನೆತ್ತಿ ಒಂದು ಬ್ಲಾಕು, ಇಳಿಜಾರು ಒಂದು, ಗದ್ದೆ ಅಂಚು ಇನ್ನೊಂದು, ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರಗಳೂ. ಕಣ್ಣಿಂದ ಒಮ್ಮೆ ನೋಡಿದರೆ ಅನೋವಾ ಅರ್ಧ ಅರ್ಥವಾದಂತೆ. ನೆಟ್ಟಗಿರುವ ಉಚಿತ ಪಾಠಗಳು ಸರ್ಕಾರದ 'ಸ್ವಯಂ' ತಾಣದಲ್ಲಿವೆ. ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ. ಎಕ್ಸೆಲ್ ಸದ್ಯಕ್ಕೆ ಸಾಕು, ಮುಂದೆ 'ಆರ್' ಎಂಬ ಉಚಿತ ಸಾಫ್ಟ್‌ವೇರ್ ಕಲಿಯಬಹುದು. ಒಂದು ಷರತ್ತು: ಯಾವ ಟೆಸ್ಟನ್ನಾದರೂ ಯಂತ್ರಕ್ಕೆ ಕೊಡುವ ಮೊದಲು ಐದಾರು ಅಂಕಿ ಇಟ್ಟುಕೊಂಡು ಕೈಯಲ್ಲಿ ಒಮ್ಮೆ ಮಾಡಿ.

ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು: ಸರಾಸರಿ, ವಿಚಲನೆ, ಆ ಚೆಕ್ ಚಾರ್ಟು, ಜೋಡಿ ಟಿ-ಟೆಸ್ಟ್. ಅನೋವಾ ಮಳೆಗಾಲ ಮುಗಿದ ಮೇಲೆ. ಕಾಂಡಕೊರಕ ಬಿದ್ದ ಗಿಡಗಳ ಎಣಿಕೆ, ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಗುಂಪುಗಳ ಎಣಿಕೆ ಇಂಥವಕ್ಕೆ ಬೇರೆ ದಾರಿಗಳಿವೆ, ಅವನ್ನು ಟಿ-ಟೆಸ್ಟಿಗೆ ಹಾಗೇ ತುರುಕಬಾರದು ಎಂಬುದು ನೆನಪಿದ್ದರೆ ಸದ್ಯಕ್ಕೆ ಆಯಿತು.

ಒಂದು ಮಾತು ಇಲ್ಲಿ ಹೇಳಬೇಕೆನಿಸುತ್ತದೆ. ಈ ಶಾಸ್ತ್ರದ ಜಗತ್ತಿನ ಅತಿ ದೊಡ್ಡ ಹೆಸರುಗಳಲ್ಲೊಂದಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಅವರು 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಅಲ್ಲಿನ ಮ್ಯೂಸಿಯಂನಲ್ಲಿದ್ದ, ಸುಡಾನಿನ ಜೆಬೆಲ್ ಮೋಯಾದಿಂದ ಅಗೆದು ತಂದ ಹಳೆಯ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಆ ಮೂಳೆಗಳ ಅಂಕಿಗಳಿಂದ ಹೊಸ ವಿಧಾನಗಳನ್ನೇ ಕಟ್ಟಿದರು, ಫಿಶರ್ ಅವರ ಕೈಕೆಳಗೆ ಡಾಕ್ಟರೇಟ್ ಪಡೆದರು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, ಅದೇ ವರ್ಷ ತೀರಿಕೊಂಡರು. ಅವರಂತೆ ಆಗಿ ಎಂದು ಹೇಳುತ್ತಿಲ್ಲ, ಅವರು ಗಣಿತದ ಮಹಾಪ್ರತಿಭೆ. ಮೂಳೆಯೋ ಮಣ್ಣೋ, ಅಳತೆ ಎಲ್ಲಿಂದ ಬಂತೆಂದು ತಿಳಿದುಕೊಂಡೇ ಲೆಕ್ಕಕ್ಕೆ ಕೂರಬೇಕು ಎಂಬುದು ಅಂಥವರಿಗೂ ತಪ್ಪಲಿಲ್ಲ.

ಇನ್ನು ಮುಖ್ಯಸ್ಥರ ವಿಷಯ. ಅವರನ್ನು ಕಳ್ಳರೆಂದು ತಿಳಿಯಬೇಡಿ. ಸುಣ್ಣದಿಂದ ಪ್ರಯೋಜನವಿದೆ ಎಂದು ಅವರು ನಿಜವಾಗಿ ನಂಬಿರಬಹುದು, ನಂಬಿಕೆಗೆ ಕಾರಣಗಳೂ ಇವೆ. ಅವರ ಮುಂದೆ ಹೋಗಿ "ನೀವು ಹೇಳಿದ್ದು ತಪ್ಪು" ಅನ್ನುವುದಕ್ಕಿಂತ, ತೋಟ ಮತ್ತು ಹೋಬಳಿ ಕಾಲಂ ತುಂಬಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟು ಹೀಗೆ ಹೇಳಿ: "ಸರ್, ಸುಣ್ಣ ಹಾಕಿದವು ಹೆಚ್ಚಾಗಿ ಘಟ್ಟದ ಕಡೆಯವು. ಇದರ ಮೇಲೆ ಹೇಳಿದರೆ ಸಭೆಯಲ್ಲಿ ಯಾರಾದರೂ ಕೇಳ್ತಾರೆ. ಒಂದೇ ಹೋಬಳಿಯೊಳಗೆ ಹೋಲಿಸಿದರೆ ಇಷ್ಟು ಹೇಳಬಹುದು. ಈ ಸಲ ಐದಾರು ತೋಟದಲ್ಲಿ ಅರ್ಧರ್ಧ ಮಾಡಿ ನೋಡಿದರೆ ಮುಂದಿನ ವರ್ಷ ಗಟ್ಟಿಯಾಗಿ ಹೇಳಬಹುದು." ತಮ್ಮ ಮರ್ಯಾದೆ ಉಳಿಸುವ ಸಹಾಯಕಿಯನ್ನು ಯಾವ ಮುಖ್ಯಸ್ಥರೂ ಸುಲಭಕ್ಕೆ ಕಳೆದುಕೊಳ್ಳುವುದಿಲ್ಲ. ಅಷ್ಟಾದ ಮೇಲೂ ಅಂಕಿ ತಿರುಚಲೇಬೇಕೆಂದು ಒತ್ತಾಯ ಬಂದರೆ, ಆ ವರದಿಗೆ ನೀವು ಸಹಿ ಹಾಕಬೇಡಿ. ಅದನ್ನು ನಂಬಿ ಸುಣ್ಣಕ್ಕೆ, ಗೊಬ್ಬರಕ್ಕೆ ಸಾಲ ಮಾಡುವವರು ನಿಮ್ಮ ಅಪ್ಪನಂಥವರು.

ಬಿ.ಇಡ್. ಒಳ್ಳೆಯ ಓದು, ಮೇಷ್ಟರ ಕೆಲಸ ಗೌರವದ್ದು. ಮಕ್ಕಳಿಗೆ ಪಾಠ ಹೇಳಬೇಕೆಂಬ ಆಸೆ ಇದ್ದರೆ ಖಂಡಿತ ಹೋಗಿ. ಆದರೆ ನಿಮ್ಮ ಕಾಗದದ ಉದ್ದಕ್ಕೂ ಆ ಆಸೆ ಎಲ್ಲೂ ಕಾಣಲಿಲ್ಲ, ಕಂಡದ್ದು 38 ಅಂಕದ ಭಯ ಮಾತ್ರ. ಈ ವರ್ಷ ಅರ್ಜಿ ಹಾಕಬೇಡಿ. ಮನೆಯವರಿಗೆ ಒಂದು ವರ್ಷದ ಗಡುವು ಕೇಳಿ, ಮತ್ತು ಈ ಭಾನುವಾರ ಆ ಬಕೆಟ್ ಮಣ್ಣು ಒಣಗಲು ಹಾಕಿ.